ಕಸದ ಗಾಡಿಯ ಮುಂದೆ ನಿಂತ ಎದುರಾಳಿ

ಬೆಳಗಿನ ಐದು ಮುಕ್ಕಾಲು. ಸೊರಬ ತಾಲ್ಲೂಕಿನ ಕುಪ್ಪಗಡ್ಡೆಯಲ್ಲಿ ಇನ್ನೂ ದನಗಳೇ ಸರಿಯಾಗಿ ಎದ್ದಿಲ್ಲ. ಕಸದ ಗಾಡಿ ಮಾತ್ರ ಎದ್ದು, ಮೈಕಿನಲ್ಲಿ ಹಸಿ ಕಸ, ಒಣ ಕಸ ಎಂದು ಹಾಡುತ್ತ ಮೊದಲ ಕೇರಿಗೆ ಬಂದು ನಿಲ್ಲುತ್ತದೆ. ಹಾಡಿಗೆ ಯಾರೂ ಹೊರಗೆ ಬರುವುದಿಲ್ಲ. ದಿನಾ ಕೇಳಿ ಕೇಳಿ ಊರಿನ ಕಿವಿಗೆ ಅದು ಅಭ್ಯಾಸವಾಗಿಬಿಟ್ಟಿದೆ. ಆಗ ಗಾಡಿಯ ಸಹಾಯಕಿ ಗುತ್ಯಮ್ಮ ಕೆಳಗಿಳಿದು, ಹಿಂಬದಿಗೆ ನೇತುಹಾಕಿರುವ ಕಬ್ಬಿಣದ ತಟ್ಟೆಗೆ ಸರಳಿನಿಂದ ಢಣ್ ಢಣ್ ಢಣ್ ಎಂದು ಮೂರು ಬಾರಿಸುತ್ತಾರೆ. ಕೇರಿಯ ಬಾಗಿಲುಗಳೆಲ್ಲ ತೆರೆದುಕೊಳ್ಳುತ್ತವೆ.

ಸ್ಟಿಯರಿಂಗ್ ಹಿಡಿದವರು ಕರುಣಾ, ಇಪ್ಪತ್ತೊಂಬತ್ತು ವರ್ಷ. ಹಸಿರು ಕೋಟು, ಕೈಗವಸು, ತಲೆಗೆ ಬಿಗಿದು ಕಟ್ಟಿದ ಟವೆಲ್ಲು. ಹೋಟೆಲಿನ ಇಬ್ಬರು ಸೇರಿ ತಂದಿಟ್ಟ ಮುಸುರೆ ಡ್ರಮ್ಮನ್ನು ಇವರು ಒಬ್ಬರೇ ಎತ್ತಿ ಗಾಡಿಗೆ ಸುರಿಯುತ್ತಾರೆ. "ಹೆಸರು ಕರುಣಾ, ಕೈ ನೋಡಿದ್ರೆ ಒನಕೆ," ಎಂದು ಗುತ್ಯಮ್ಮ ಪರಿಚಯ ಮಾಡಿಸುತ್ತಾರೆ. "ಕೈ ಕುಲುಕೋಕೆ ಮಾತ್ರ ಹೋಗ್ಬೇಡಿ ಮಾರಾಯ್ರೆ, ಆಮೇಲೆ ಪೆನ್ನು ಹಿಡಿಯೋಕಾಗಲ್ಲ." ನಾನು ಮಾತು ಕೇಳಲಿಲ್ಲ, ಕುಲುಕಿದೆ. ಈ ಲೇಖನದ ಮೊದಲ ಎರಡು ಪುಟದ ಟಿಪ್ಪಣಿ ನನಗೇ ಓದಲು ಬರುತ್ತಿಲ್ಲ.

ಈ ಕೈಯೇ ಶಿಕಾರಿಪುರ ಮತ್ತು ಸೊರಬ, ಎರಡೂ ತಾಲ್ಲೂಕಿನ ಹೆಣ್ಣುಮಕ್ಕಳ ಬಾಕ್ಸಿಂಗಿನಲ್ಲಿ ಐವತ್ತೇಳು ಕೆ.ಜಿ. ವಿಭಾಗದ ಚಾಂಪಿಯನ್ ಕೈ. ಊರಿನಲ್ಲಿ ಇದು ಎಲ್ಲರಿಗೂ ಗೊತ್ತು. ಆದರೆ ಬೆಳಿಗ್ಗೆ ಬಕೆಟ್ಟು ಚಾಚುವ ಹೊತ್ತಿಗೆ ಯಾರಿಗೂ ನೆನಪಿರುವುದಿಲ್ಲ.

ದಿನಕ್ಕೆ ನಾನೂರ ಹನ್ನೆರಡು ಮನೆ, ಏಳು ಅಂಗಡಿ, ಎರಡು ಹೋಟೆಲು. ಗಾಡಿ ಎರಡು ಸಲ ತುಂಬಿ ಎರಡು ಸಲ ಬರಿದಾಗುತ್ತದೆ. ಹನ್ನೊಂದೂವರೆಗೆ ಮನೆ. ವಾರಕ್ಕೆ ಮೂರು ದಿನ ಮಧ್ಯಾಹ್ನ ಬಸ್ಸು ಹಿಡಿದು ಶಿಕಾರಿಪುರಕ್ಕೆ ಅಭ್ಯಾಸಕ್ಕೆ ಹೋಗಿ, ಹಗ್ಗದ ಜಿಗಿತ ಆರುನೂರು ಮುಗಿಸಿ, ಚೀಲಕ್ಕೆ ಗುದ್ದಿ, ಕತ್ತಲಾಗುವ ಮೊದಲು ವಾಪಸ್ಸು. ಗುದ್ದು ಎಷ್ಟು ಎಂದು ಕೇಳಿದರೆ, "ಎಣಿಸಲ್ಲ ಸಾರ್, ಎಣಿಸಿದ್ರೆ ಸುಸ್ತಾಗುತ್ತೆ," ಎನ್ನುತ್ತಾರೆ.

ಬಾಕ್ಸಿಂಗಿಗೆ ಬಂದದ್ದೂ ಕಸದ ಗಾಡಿಯ ದೆಸೆಯಿಂದಲೇ. ಸ್ವಸಹಾಯ ಸಂಘದಿಂದ ಚಾಲನೆ ತರಬೇತಿ ಪಡೆದು ಗಾಡಿ ಹತ್ತಿದ ಹೊಸತು. ಸರ್ವೀಸಿಗೆಂದು ಗಾಡಿಯನ್ನು ಶಿಕಾರಿಪುರದಲ್ಲಿ ಬಿಟ್ಟು ಕಾಯುತ್ತಿದ್ದಾಗ ಪಕ್ಕದ ಹಳೆಯ ಗೋಡೌನಿನಿಂದ ದಬ್ ದಬ್ ಸದ್ದು ಕೇಳಿಸಿತು. ಇಣುಕಿದರೆ ನಿವೃತ್ತ ಹವಾಲ್ದಾರ್ ಶಿವಶಂಕರ ಅವರ ಬಾಕ್ಸಿಂಗ್ ಶಾಲೆ. ಹಸಿರು ಕೋಟು ನೋಡಿದ ಶಿವಶಂಕರ ಹಿಂದೆಮುಂದೆ ನೋಡದೆ ಕಸದ ಬುಟ್ಟಿ ತಂದು ಇವರ ಕೈಗೆ ಕೊಟ್ಟರು. ಕರುಣಾ ಬುಟ್ಟಿಯನ್ನು ಪಕ್ಕಕ್ಕಿಟ್ಟು, ತೂಗುತ್ತಿದ್ದ ಚೀಲಕ್ಕೆ ಒಂದು ಗುದ್ದಿದರು. "ಚೀಲದ ಹೊಲಿಗೆ ಬಿಡ್ತು ರೀ," ಎಂದು ಶಿವಶಂಕರ ಇವತ್ತಿಗೂ ಕೈ ಬಾಯಿಯ ಮೇಲೆ ಇಟ್ಟುಕೊಂಡು ಹೇಳುತ್ತಾರೆ. "ಹೊಲಿಗೆ ಹಳೇದಿತ್ತು," ಎನ್ನುವುದು ಕರುಣಾ ಅವರ ಸಮಜಾಯಿಷಿ.

ನಗುವಿನ ಕತೆ ಇಲ್ಲಿಗೆ ಸ್ವಲ್ಪ ನಿಲ್ಲಬೇಕು. ಎರಡು ವರ್ಷದ ಹಿಂದೆ ಫೈನಲ್ಲಿನಲ್ಲಿ ಇವರ ಎದುರಿಗಿದ್ದವರು ಶಿರಾಳಕೊಪ್ಪದ ಗಂಗಾಶ್ರೀ. ಪಾತ್ರೆ ಅಂಗಡಿಯವರ ಮಗಳು, ಎಡಗೈ ಪೆಟ್ಟಿಗೆ ಹೆಸರಾದವರು. ಮೂರು ಸುತ್ತೂ ಮುಗಿದು ಕೊನೆಯ ಗಂಟೆ ಹೊಡೆಯಿತು. ಕರುಣಾ ಕೈ ಇಳಿಸಿದರು. ಆಗ ಬಂತು ಆ ಎಡಗೈ. ಪಟ್ಟವೇನೋ ಕರುಣಾಗೇ ಬಂತು, ಆದರೆ ದವಡೆಯ ಮೂಳೆ ಬಿರುಕು ಬಿಟ್ಟಿತು. ಮೂರು ವಾರ ಸ್ಟ್ರಾನಲ್ಲಿ ಗಂಜಿ. ಗಾಡಿ ಓಡಿಸುವವರಿಲ್ಲದೆ ಗುತ್ಯಮ್ಮ ಒಂದು ತಿಂಗಳು ತಳ್ಳುಗಾಡಿಯಲ್ಲಿ ಊರಿನ ಕಸ ಎತ್ತಿದರು. "ಆ ತಿಂಗಳು ನನ್ನ ಸೊಂಟ ಎಂತಾಗಿತ್ತು ಅಂತ ಕೇಳ್ಬೇಡಿ," ಎನ್ನುತ್ತಾರೆ. ಗಂಗಾಶ್ರೀಗೆ ಎರಡು ವರ್ಷ ನಿಷೇಧ ಬಿತ್ತು.

ಆ ನಿಷೇಧ ಈಗ ಮುಗಿದಿದೆ. ಕಳೆದ ತಿಂಗಳು ಒಂದು ಬೆಳಿಗ್ಗೆ ಕರುಣಾ ಮೂರನೇ ಕೇರಿಗೆ ಗಾಡಿ ತಿರುಗಿಸಿದರೆ, ರಸ್ತೆಯ ನಡುವೆ ಗಂಗಾಶ್ರೀ ನಿಂತಿದ್ದಾರೆ. ಶಿರಾಳಕೊಪ್ಪದಿಂದ ಮೊದಲ ಬಸ್ಸಿಗೆ ಬಂದಿದ್ದರು. ಗುತ್ಯಮ್ಮ ಸರಳು ಹಿಡಿದುಕೊಂಡೇ ಕೆಳಗೆ ಹಾರಿದರು.

"ಇನ್ನೊಂದ್ ಸಲ ರಿಂಗಿಗೆ ಬಾರೇ," ಎಂದರು ಗಂಗಾಶ್ರೀ.

ಕರುಣಾ ಗಾಡಿಯಿಂದ ಇಳಿಯಲಿಲ್ಲ. ಕಿಟಕಿಯಿಂದಲೇ ಒಂದು ಪ್ರಶ್ನೆ ಕೇಳಿದರು. "ಅವತ್ತು ಗಂಟೆ ಕೇಳಿಸಿತ್ತಾ ನಿಂಗೆ?"

"ಕೇಳಿಸಿತ್ತು. ಸುಳ್ಳು ಹೇಳಲ್ಲ. ಸೋತೆ ಅಂತ ಗೊತ್ತಾತು, ಸಿಟ್ಟು ಬಂತು, ಹೊಡೆದೆ."

"ನಾಲ್ಕು ದಿನ ಬಿಟ್ಟು ಹೇಳ್ತೀನಿ. ಈಗ ದಾರಿ ಬಿಡು, ಇನ್ನೂ ಮುನ್ನೂರು ಮನೆ ಐತೆ."

ಆ ನಾಲ್ಕು ದಿನ ಎಲ್ಲರೂ ಬೇಡವೆಂದರು. ಅದೇ ಜಾಗಕ್ಕೆ ಇನ್ನೊಂದು ಪೆಟ್ಟು ಬಿದ್ದರೆ ದವಡೆಗೆ ಪ್ಲೇಟ್ ಹಾಕಬೇಕಾಗುತ್ತದೆ, ಗಾಡಿಯನ್ನು ತಿಂಗಳುಗಟ್ಟಲೆ ಮರೆಯಬೇಕಾಗುತ್ತದೆ ಎಂದರು ಡಾಕ್ಟರು. ಶಿವಶಂಕರ ಅವರಂತೂ ಕೆಂಡವಾಗಿದ್ದರು. "ಬೀದೀಲಿ ಹೋಗೋ ಮಾರೀನ ಯಾರಾದ್ರೂ ಮನೆಗೆ ಕರೀತಾರೇನ್ರೀ? ಚಾಂಪಿಯನ್ ಇವಳು. ಒಲ್ಲೆ ಅಂದ್ರೆ ಕೇಳೋರು ಯಾರು?" ಗುತ್ಯಮ್ಮ ತಮ್ಮ ಸೊಂಟದ ಪರವಾಗಿ ಬೇಡವೆಂದರು. ನನ್ನನ್ನು ಕೇಳಿದ್ದರೆ ನಾನೂ ಅದನ್ನೇ ಹೇಳುತ್ತಿದ್ದೆ. ಗೆದ್ದಾಗಿದೆ, ಮೂಳೆ ಕೂಡಿಕೊಂಡಿದೆ, ಇರುವೆ ಗೂಡಿಗೆ ಮತ್ತೆ ಯಾಕೆ ಕೈ ಹಾಕಬೇಕು?

ಉತ್ತರ ಹುಡುಕಿಕೊಂಡು ಶಿರಾಳಕೊಪ್ಪಕ್ಕೆ ಹೋದೆ. ಅಂಗಡಿಯಲ್ಲಿ ಗಂಗಾಶ್ರೀ ಕೊಡಗಳನ್ನು ಒರೆಸಿ ಜೋಡಿಸುತ್ತಿದ್ದರು. "ಬಂದೋರು ಕೊಡ ನೋಡಲ್ರೀ, ನನ್ನ ನೋಡ್ತಾರೆ. 'ಗಂಟೆ ಆದ್ಮೇಲೆ ಹೊಡೆದಾಕಿ ಇವಳೇ ಏನ್ರೀ' ಅಂತ ನಮ್ಮಪ್ಪಾಜಿ ಹತ್ರಾನೇ ಕೇಳ್ತಾರೆ." ನಿಷೇಧ ಮುಗಿದರೂ ಇವರೆದುರು ನಿಲ್ಲಲು ಯಾರೂ ಒಪ್ಪುತ್ತಿಲ್ಲವಂತೆ. ದಾವಣಗೆರೆಯಿಂದ ಬರಬೇಕಿದ್ದವರೊಬ್ಬರು ಎದುರಾಳಿಯ ಹೆಸರು ಕೇಳಿ ಜ್ವರವೆಂದು ಮಲಗಿದರಂತೆ. "ಗೆದ್ರೆ ಗೆದ್ದೆ, ಸೋತ್ರೆ ಸೋತೆ. ಗಂಟೆ ಹೊಡೆದ ಕೂಡ್ಲೆ ನನ್ನ ಕೈ ಕೆಳಗೆ ಇಳಿಯೋದನ್ನ ಜನ ಒಂದ್ ಸಲ ನೋಡ್ಬೇಕು ರೀ, ಅಷ್ಟೇ." ಇಷ್ಟು ಹೇಳಿ ಮತ್ತೆ ಕೊಡ ಒರೆಸತೊಡಗಿದರು. ನನಗೆ ಅಲ್ಲಿಂದ ಬೇಗ ಏಳಲು ಮನಸ್ಸಾಗಲಿಲ್ಲ.

ಕರುಣಾ ಒಪ್ಪಿದ್ದಾರೆ. ಯಾಕೆ ಎಂದರೆ ನೇರವಾಗಿ ಹೇಳುವುದಿಲ್ಲ, ಹುಲಿಯಮ್ಮನ ಮನೆ ತೋರಿಸುತ್ತಾರೆ. ಎಪ್ಪತ್ತು ದಾಟಿದ ಹುಲಿಯಮ್ಮ ಒಮ್ಮೆ ಒಡೆದ ಗಾಜಿನ ಲೋಟವನ್ನು ಹಾಗೇ ಬಕೆಟ್ಟಿಗೆ ಹಾಕಿಟ್ಟಿದ್ದರು. ಗವಸು ಹರಿದು ಕರುಣಾ ಅವರ ಅಂಗೈಗೆ ನಾಲ್ಕು ಹೊಲಿಗೆ ಬಿತ್ತು. "ಮಾರನೇ ದಿನ ಕೇರೀಲಿ ಕೇಳಿದ್ರೆ ಎಲ್ರೂ ನಮ್ದಲ್ಲ ನಮ್ದಲ್ಲ ಅಂದ್ರು. ಈ ಅಜ್ಜಿ ಮಾತ್ರ ಬಾಗಿಲಿಗೆ ಬಂದು, ನಂದೇ ಕಣೆ, ನಾನೇ ಹಾಕಿದ್ದು ಅಂದ್ರು. ಹಾಗಂತ ಅವರ ಮನೆ ಮುಂದೆ ಗಾಡಿ ನಿಲ್ಸದೆ ಹೋಗೋಕಾಗುತ್ತಾ?"

ಹುಲಿಯಮ್ಮ ಈಗ ಗಾಜು ಒಡೆದರೆ ಪೇಪರಿನಲ್ಲಿ ಸುತ್ತಿ, ಮೇಲೆ ಕೆಂಪು ಬಟ್ಟೆ ಕಟ್ಟಿ, ಅದಕ್ಕೆಂದೇ ಬೇರೆ ಡಬ್ಬಿಯಲ್ಲಿ ಇಡುತ್ತಾರೆ. ನಾನು ಹೋದ ದಿನ ಡಬ್ಬಿ ಬರಿದಾಗಿತ್ತು. "ಈ ವಾರ ಎಂತದೂ ಒಡೆದಿಲ್ಲ," ಎಂದು ಬೇಸರದಲ್ಲೇ ಹೇಳಿದರು, ಬರೆದುಕೊಳ್ಳುವವನಿಗೆ ತೋರಿಸಲು ಏನೂ ಇಲ್ಲವಲ್ಲ ಎಂದು.

ಪಂದ್ಯ ಮುಂದಿನ ಭಾನುವಾರ, ಶಿಕಾರಿಪುರದ ಅದೇ ಗೋಡೌನಿನಲ್ಲಿ. ಕರುಣಾ ಹಾಕಿದ ಷರತ್ತು ಒಂದೇ. ಗಂಟೆ ಹೊಡೆಯಲು ಗುತ್ಯಮ್ಮನೇ ಆಗಬೇಕು, ಅದೂ ಗಾಡಿಯ ಕಬ್ಬಿಣದ ತಟ್ಟೆಯಲ್ಲೇ. "ಅಕ್ಕ ಬಾರಿಸಿದ್ಮೇಲೆ ಕೇಳಿಸ್ಲಿಲ್ಲ ಅಂತ ಈ ಊರಲ್ಲಿ ಇವತ್ತಿನವರೆಗೆ ಯಾರೂ ಹೇಳಿಲ್ಲ." ಗುತ್ಯಮ್ಮ ಸೊಂಟದ ನೋವು ಮರೆತು ಒಪ್ಪಿದ್ದಾರೆ. ಅವತ್ತಿಗೆಂದು ಹೊಸ ಸೀರೆಗೆ ಅಂಚು ಹೊಲಿಸಲು ಕೊಟ್ಟಿದ್ದೂ ಆಗಿದೆ. ಎರಡು ದಿನದಿಂದ ಕೇರಿಗಳಲ್ಲಿ ಮೂರರ ಬದಲು ಐದು ಬಾರಿಸುತ್ತಿದ್ದಾರೆ, ಅಭ್ಯಾಸಕ್ಕಂತೆ.

ಶಿವಶಂಕರ ಕೊನೆಗೂ ಮಣಿದಿದ್ದಾರೆ, ಆದರೆ ದಿನಕ್ಕೆ ಹತ್ತು ಸಲ ಒಂದೇ ಪಾಠ ಹೇಳುತ್ತಾರೆ. "ಗಂಟೆ ಹೊಡೆದ್ಮೇಲೂ ಕೈ ಮೇಲೇ ಇರ್ಲಿ, ದವಡೆ ಮುಚ್ಕೊಂಡಿರು." ಇದೊಂದು ಪಾಠವನ್ನು ಮಾತ್ರ ಕರುಣಾ ಕಲಿಯುತ್ತಿಲ್ಲ.

ಕೊನೆಯ ಮನೆಯ ಬಕೆಟ್ಟು ಸುರಿದು, ಗವಸು ಕಳಚಿ, ಗಾಡಿಗೆ ಒರಗಿ ನಿಂತವರನ್ನು ನಾನೂ ಅದನ್ನೇ ಕೇಳಿದೆ. ಶಿವಶಂಕರ ಮೇಷ್ಟ್ರು ಹೇಳುವುದು ಸರಿಯಲ್ಲವೇ, ಭಯವಿಲ್ಲವೇ? ಕರುಣಾ ದವಡೆ ಸವರಿಕೊಂಡು ನಗುತ್ತಾರೆ.

"ಭಯ ಐತೆ ಸಾರ್, ಇಲ್ದೆ ಏನು. ಆದ್ರೂ ಗಂಟೆ ಆದ ತಕ್ಷಣ ನಾನೇ ಮೊದ್ಲು ಕೈ ಇಳಿಸ್ತೀನಿ. ನಾನು ಮುಚ್ಕೊಂಡು ನಿಂತ್ರೆ, ಅವಳು ಕೈ ಇಳಿಸಿದ್ದು ಯಾರ ಕಣ್ಣಿಗೆ ಬೀಳುತ್ತೆ?"