ಮೋಲ್ಡ್‌ಗಿಂತ ಮೊದಲು ಹುಳ

"ಗುರುವಾರ ಮೋಲ್ಡ್" ಎಂದು ಸೂರಿಗೆ ಕಾಂಕ್ರೀಟ್ ಹಾಕುವ ದಿನವನ್ನು ಬರೆದಿದ್ದ ನನ್ನ ಕೆಲಸದ ಪಟ್ಟಿ ನೋಡಿ ಗಾರೆ ಕೆಲಸದ ರಂಗಮ್ಮ ನಕ್ಕುಬಿಟ್ಟರು.

"ಅವತ್ತು ನಮ್ಮೂರ ರೇಷ್ಮೆ ಹುಳ ಹಣ್ಣಾಯ್ತವೆ ಸಾರ್. ಅವುನ್ನ ಚಂದ್ರಿಕೆಗೆ ಬುಡೋಗಂಟ ಒಂದಾಳೂ ಬರಾಕಿಲ್ಲ."

ಕಲ್ಯ ಗ್ರಾಮದ ಸಮುದಾಯ ಭವನಕ್ಕೆ ನಾನು ಎಂಜಿನಿಯರ್. ಸೆಂಟ್ರಿಂಗ್, ಕಂಬಿ, ಆಮೇಲೆ ಕಾಂಕ್ರೀಟ್ ಎಂದು ಸಾಲಾಗಿ ಬರೆದಿದ್ದ ನನಗೆ ಸಿಟ್ಟೇ ಬಂತು. ಆದರೂ ಮೋಲ್ಡನ್ನು ಶನಿವಾರಕ್ಕೆ ತಳ್ಳಿದೆ. ಗುರುವಾರ ರಂಗಮ್ಮನವರ ಮನೆಯಲ್ಲಿ ನಾನೂ ಕೂತು, ಹಣ್ಣಾದ ಹುಳ ಆರಿಸಿ ಗೂಡು ಕಟ್ಟಲು ಬಿದಿರಿನ ಚಂದ್ರಿಕೆಗೆ ಬಿಟ್ಟೆ.

ಶನಿವಾರ ನಾನು ಹತ್ತು ಆಳು ಕೇಳಿದ್ದರೆ ಊರೇ ಬಂದು ನಿಂತಿತು. ಬಾಂಡ್ಲಿಗಳು ಕೈಯಿಂದ ಕೈಗೆ ಹಾರಿದವು. ಸಂಜೆಗೆ ಮುಗಿಯಬೇಕಿದ್ದ ಕೆಲಸ ಮಧ್ಯಾಹ್ನಕ್ಕೇ ಮುಗಿದು, ಸೂರಿನ ಮೇಲೆ ಕೇಕೆಯೋ ಕೇಕೆ!

ಈಗ ಯಾವ ಊರಿಗೆ ಹೋದರೂ ನನ್ನ ಪಟ್ಟಿಯ ಮೊದಲ ಸಾಲು ಖಾಲಿ. ಅದನ್ನು ಊರಿನವರೇ ಹೇಳಿ ಬರೆಸುತ್ತಾರೆ.