ರತ್ನಮ್ಮನವರ ಇಪ್ಪತ್ತೈದು ಡಿಗ್ರಿ

ಇದು ಹೀಗೇ ನಡೆಯಿತು ಎಂದು ನಾನು ಪ್ರಮಾಣ ಮಾಡಲಾರೆ. ಸಾದಲಿಯಲ್ಲಿ ರೇಷ್ಮೆಹುಳು ಸಾಕುತ್ತಿದ್ದ ರತ್ನಮ್ಮನವರ ಎದುರಿಗೇ ‘ಸುಳ್ಳು ಬರೆದಿದ್ದೀರಿ’ ಎಂದೆನೋ, ಮನಸ್ಸಿನಲ್ಲೇ ಅಂದುಕೊಂಡೆನೋ, ಈಗ ತಿಳಿಯುತ್ತಿಲ್ಲ. ಸಂಖ್ಯಾಶಾಸ್ತ್ರ ಓದಿದವನು ತನ್ನ ನೆನಪಿನ ಮೇಲೆ ಹೆಚ್ಚು ಭಾರ ಹಾಕಬಾರದು. ಆದರೆ ಹೋದ ವಾರ ಚಿಂತಾಮಣಿಯ ಕಾಲೇಜಿನ ಅಧ್ಯಾಪಕಿಯೊಬ್ಬರು ಈಮೇಲಿನಲ್ಲಿ, ‘ಸಾರ್, ನಿಮ್ಮ ಹಳೇ ರೇಷ್ಮೆ ಕಂಪ್ಯೂಟರ್ ಪ್ರೋಗ್ರಾಂ ಈಗ ಇಂಟರ್ನೆಟ್ಟಿನಲ್ಲಿದೆ. ಅದರಲ್ಲಿ ಉಷ್ಣಾಂಶಕ್ಕೆ ಎರಡು ಕಾಲಂ ಯಾಕೆ?’ ಎಂದು ಕೇಳಿದರು. ಕೂತಲ್ಲಿ ಕೂರಲಾಗಲಿಲ್ಲ.

ತೊಂಬತ್ತರ ದಶಕದ ಆರಂಭ. ನಮ್ಮ ವಿಶ್ವವಿದ್ಯಾಲಯದಲ್ಲಿ ಬೇಸಿಗೆ ತರಬೇತಿ. ಸಂಖ್ಯಾಶಾಸ್ತ್ರದ ನಾವು, ರೇಷ್ಮೆಕೃಷಿಯವರು, ಕಂಪ್ಯೂಟರಿನವರು ಎಲ್ಲರೂ ಒಂದೇ ಕೋಣೆಯಲ್ಲಿ. ಚಪ್ಪಲಿ ಮಾತ್ರ ಹೊರಗೆ, ಯಂತ್ರಗಳಿಗೆ ಧೂಳಾಗಬಾರದಲ್ಲ. ನಮ್ಮ ಮೇಷ್ಟ್ರು, ಉಷ್ಣಾಂಶಕ್ಕೂ ರೇಷ್ಮೆಗೂಡಿಗೂ ಇರುವ ನಂಟನ್ನು ಲೆಕ್ಕಹಾಕಲು ತಾವು ಬರೆದ ಪ್ರೋಗ್ರಾಮನ್ನು ಒಂದೊಂದು ಸಾಲೂ ಓದಲು ಸಿಗುವಂತೆ ಫ್ಲಾಪಿಯಲ್ಲಿ ಹಂಚಿದರು.

‘ಬಚ್ಚಿಡೋಕೆ ಇದೇನು ಒಡವೆಯಾ? ತಪ್ಪು ಕಂಡ್ರೆ ತಿದ್ದಿ ವಾಪಸ್ ಕೊಡಿ. ತಿದ್ದಿದವರ ಹೆಸರು ಮೇಲ್ಗಡೆ ಬರೀರಿ. ತಪ್ಪು ತೋರಿಸಿದವರ ಹೆಸರು ಅದಕ್ಕಿಂತ ಮೊದಲು.’

ಇಷ್ಟು ಧಾರಾಳವನ್ನು ನಾನು ನಂಬಲಿಲ್ಲ. ಆದರೂ ಒಂದು ಬಗೆಯ ಅಮಲು ಏರಿತು. ಆ ಅಮಲಿನಲ್ಲೇ ನಾನೂ ರೇಷ್ಮೆಕೃಷಿ ಓದುತ್ತಿದ್ದ ಶಿಡ್ಲಘಟ್ಟದ ಇಸ್ಮಾಯಿಲನೂ ಸಾದಲಿಗೆ ಹೋಗಿ ರೇಷ್ಮೆ ಸಾಕುವ ಹತ್ತು ಹುಳುಮನೆಗಳಲ್ಲಿ ಥರ್ಮಾಮೀಟರ್ ತೂಗುಹಾಕಿದೆವು. ದಿನಕ್ಕೆ ಮೂರು ಸಲ ನೋಡಿ ಬರೆಯಿರಿ ಎಂದು ನೋಟ್‌ಬುಕ್ ಕೊಟ್ಟು ಬಂದೆವು.

ಹುಳುಗಳು ಗೂಡು ಕಟ್ಟಿ ಆ ಬೆಳೆ ಮುಗಿದ ಮೇಲೆ ನೋಡಿದರೆ ಒಂಬತ್ತು ಮನೆಗಳ ಅಂಕಿಗಳು ಏರಿಳಿದಿದ್ದವು. ರತ್ನಮ್ಮನವರದು ಮಾತ್ರ ಇಪ್ಪತ್ತೈದು, ಇಪ್ಪತ್ತೈದು, ಇಪ್ಪತ್ತೈದು. ಗೂಡೋ, ಊರಿಗೆಲ್ಲ ಅವರದೇ ಗಟ್ಟಿ.

‘ಒಂದೇ ದಿನ ಕೂತು ಎಲ್ಲಾ ಬರೆದವ್ರೆ. ಈ ನೋಟ್‌ಬುಕ್ ಬಿಟ್ಬಿಡಣ’ ಎಂದೆ.

ಇಸ್ಮಾಯಿಲ್ ನಕ್ಕ. ‘ಗೂಡನ್ನೂ ಕೂತು ಬರೆದ್ರೇನೋ? ನಡಿ, ಹೋಗಿ ಕೇಳಣ.’

ಹೋದಾಗ ಮುಂದಿನ ಬೆಳೆ ನಡೆದಿತ್ತು. ರತ್ನಮ್ಮ ನಮ್ಮನ್ನು ಹೊಸ್ತಿಲಾಚೆಯೇ ನಿಲ್ಲಿಸಿ ಕೈಕಾಲು ತೊಳೆಸಿದರು. ಹುಳುಗಳಿಗೆ ಸೊಪ್ಪು ಹರಡುತ್ತಲೇ ಮಾತು.

‘ಏಮಪ್ಪ, ಸುಳ್ಳು ಯಾಕೆ ಬರೀಲಿ? ಇಪ್ಪತ್ತೈದು ಇರ್ಬೇಕು ಅಂತ ಈ ಇಸ್ಮಾಯಿಲಪ್ಪನೇ ಅಲ್ವಾ ಹೇಳಿದ್ದು? ಮೂವತ್ತು ತೋರಿಸಿದ್ರೆ ಗೋಣಿತಾಟು ನೆನೆಸಿ ಕಿಟಕಿಗೆ ಕಟ್ತೀನಿ. ಚಳಿ ಇದ್ರೆ ಇದ್ದಿಲು ಹಚ್ಚಿಡ್ತೀನಿ. ಇಪ್ಪತ್ತೈದಕ್ಕೆ ಬಂದ್ಮೇಲೆ ಬರೀತೀನಿ. ಹುಳ ಸೆಕೇಲಿ ಒದ್ದಾಡ್ತಿರುವಾಗ ಪೆನ್ನು ಹಿಡ್ಕೊಂಡು ಕೂರಕ್ಕಾಗ್ತದಾ?’

‘ಮೊದ್ಲು ಎಷ್ಟಿತ್ತು ಅಂತ ಬರೀಬಹುದಿತ್ತಲ್ಲಮ್ಮ’ ಎಂದೆ.

‘ನೀನು ಕೇಳಿಲ್ಲವಲ್ಲಪ್ಪ. ಪಕ್ಕದಲ್ಲಿ ಅಷ್ಟು ಜಾಗ ಖಾಲಿ ಇತ್ತು, ಕೇಳಿದ್ರೆ ಅದನ್ನೂ ಬರೀತಿದ್ದೆ.’

ಓದುಗರೇ, ವಾಪಸ್ಸು ಬಸ್ಸಿನಲ್ಲಿ ನನಗೆ ಸೀಟು ಸಿಕ್ಕಿತ್ತೋ ಇಲ್ಲವೋ, ನೆನಪಿಲ್ಲ, ಸಿಕ್ಕಿದ್ದರೂ ಕೂತಿರಲಾರೆ. ಹತ್ತರಲ್ಲಿ ನಿಜವಾಗಿ ಕಲಿಸುವ ಒಂದೇ ನೋಟ್‌ಬುಕ್ಕನ್ನು ನಾನು ಕಸಕ್ಕೆ ಹಾಕುವವನಿದ್ದೆ. ನಾವು ಅಳೆಯಬೇಕಾಗಿದ್ದದ್ದು ಬರೀ ಸೆಕೆಯನ್ನಲ್ಲ, ಸೆಕೆ ಕಂಡ ಮೇಲೆ ಆ ಹೆಂಗಸು ಮಾಡಿದ ಕೆಲಸವನ್ನು. ಮರುದಿನವೇ ಪ್ರೋಗ್ರಾಂ ಬಿಚ್ಚಿ ಕೂತೆ: ನೋಡಿದಾಗ ಎಷ್ಟು, ಸರಿಮಾಡಿದ ಮೇಲೆ ಎಷ್ಟು. ಎರಡು ಕಾಲಂ. ಮುಂದಿನ ಬೆಳೆಯಲ್ಲಿ ಹತ್ತು ಮನೆಯವರೂ ಹಾಗೆಯೇ ಬರೆದರು. ಯಾವ ಮನೆಯ ಗೂಡು ಯಾಕೆ ಗಟ್ಟಿ ಎಂಬುದು ಪರದೆಯ ಮೇಲೆ ಕಂಡಾಗ ಇಸ್ಮಾಯಿಲ್ ನನ್ನ ಬೆನ್ನಿಗೆ ಗುದ್ದಿದ ಗುದ್ದಿನ ಬಗ್ಗೆ ಮಾತ್ರ ನನಗೆ ಯಾವ ಸಂಶಯವೂ ಇಲ್ಲ.

ಇದನ್ನೆಲ್ಲ ಅಧ್ಯಾಪಕಿಗೆ ಬರೆದು, ‘ಪ್ರೋಗ್ರಾಂನ ತಲೆಯಲ್ಲೇ ರತ್ನಮ್ಮನವರ ಹೆಸರಿದೆ, ನೋಡಿ’ ಎಂದು ಹೆಮ್ಮೆಯಿಂದ ಸೇರಿಸಿದೆ. ಎಷ್ಟೋ ತರಗತಿಗಳಲ್ಲಿ ಹಾಗೇ ಹೇಳಿಕೊಂಡು ಬಂದಿದ್ದೇನೆ.

‘ಇಲ್ಲವಲ್ಲ ಸಾರ್’ ಎಂದು ಉತ್ತರ ಬಂತು.

ನಾನೇ ತೆರೆದು ನೋಡಿದೆ. ನನ್ನ ಹೆಸರಿತ್ತು, ಇನಿಷಿಯಲ್ ಸಮೇತ. ನನ್ನ ನಂತರ ತಿದ್ದಿದ ಮೂವರದಿತ್ತು. ರತ್ನಮ್ಮನವರದಿರಲಿಲ್ಲ. ಪುಣ್ಯಕ್ಕೆ ಆ ಪ್ರೋಗ್ರಾಂ ಈಗಲೂ ಯಾರು ಬೇಕಾದರೂ ತಿದ್ದುವಂತೆ ತೆರೆದೇ ಇದೆ. ನಿನ್ನೆ ಕೂತು ನನ್ನ ಹೆಸರಿನ ಮೇಲೆ ಒಂದು ಸಾಲು ಸೇರಿಸಿದೆ: ‘ತಪ್ಪು ತೋರಿಸಿದವರು: ರತ್ನಮ್ಮ, ಸಾದಲಿ.’ ಸೇರಿಸಿದೆನೆಂಬ ನೆನಪನ್ನೂ ನಂಬದೆ ಇವತ್ತು ಬೆಳಗ್ಗೆ ಮತ್ತೆ ತೆರೆದು ನೋಡಿದೆ. ಇದೆ.