ನಡುವಿನ ಮಗಳಿಗೊಂದು ಹೂಂ

ಕಥೆಗಳಲ್ಲಿ ರಾಜನಿಗೆ ಯಾವಾಗಲೂ ಮೂವರು ಹೆಣ್ಣುಮಕ್ಕಳು. ಹಿರಿಯವಳಿಗೆ ಸೊಕ್ಕು, ಕಿರಿಯವಳಿಗೆ ಅದೃಷ್ಟ. ನಡುವಿನವಳು ಲೆಕ್ಕಕ್ಕುಂಟು, ಆಟಕ್ಕಿಲ್ಲ. ದೊಡ್ಡವಳಾದ ಮೇಲೆ ಎಲ್ಲೆಲ್ಲಿಯದೋ ಜನಪದ ಕಥೆಗಳನ್ನು ಓದಿದೆ. ಎಲ್ಲ ಕಡೆ ಆಕೆಯದು ಇದೇ ಹಣೆಬರಹ. ನಾನೂ ನಡುವಿನವಳೇ. ಹಾಗಾಗಿ ಈ ವಿಷಯದಲ್ಲಿ ಯಾರೂ ನನಗೆ ಬುದ್ಧಿ ಹೇಳಬೇಕಿಲ್ಲ.

ಮಿರಜದ ನಮ್ಮ ಮನೆಯಲ್ಲಿ ಹೊತ್ತು ಮುಳುಗುವ ಮುಂಚೆಯೇ ಊಟ ಮುಗಿಯುತ್ತಿತ್ತು. ಆಮೇಲೆ ಅಜ್ಜಿಯ ಕಥೆ. ಓಣಿಗೆಲ್ಲ ಕೇಬಲ್ ಬಂದಿದ್ದರೂ ಆ ಹೊತ್ತಿಗೆ ನಮ್ಮ ಟಿ.ವಿ. ಬಂದ್. ಕೇಳುವವರಲ್ಲಿ ಒಬ್ಬರು 'ಹೂಂ' ಅನ್ನುತ್ತಲೇ ಇರಬೇಕು, ಇಲ್ಲದಿದ್ದರೆ ಕಥೆ ಅಲ್ಲೇ ನಿಲ್ಲುತ್ತಿತ್ತು. ಆ ಕೆಲಸ ನನ್ನದು. ಅವ್ವ ಅಡುಗೆಮನೆಯಲ್ಲಿ ಪಾತ್ರೆ ತಿಕ್ಕುತ್ತ ಕೇಳುತ್ತಿದ್ದಳು. ಎಂದೂ ಹೂಂ ಅಂದವಳಲ್ಲ.

ಆ ವರ್ಷ ಅಕ್ಕನ ಮದುವೆ ಗಟ್ಟಿಯಾಯಿತು, ತಂಗಿ ಇಂಗ್ಲಿಷ್ ಶಾಲೆ ಸೇರಿದಳು. ನನ್ನ ಹನ್ನೆರಡನೆಯ ಇಯತ್ತೆ, ಅಂದರೆ ಪಿಯುಸಿ, ಮುಗಿದಿತ್ತು. ಸಾಂಗ್ಲಿ ದಾರಿಯ ಹೊಲಗಳಲ್ಲಿ ಹೊಸ ಕಾಲೇಜು ಎದ್ದಿತ್ತು. ಅಲ್ಲಿ ಕಂಪ್ಯೂಟರ್ ಕಲಿಯಬೇಕೆಂದು ನನಗೆ ಹಟ. ಕೇಳಿದಾಗಲೆಲ್ಲ ಅಪ್ಪ, "ನೋಡೂಣು ತಗೋ," ಅನ್ನುತ್ತಿದ್ದರು. ನೋಡುತ್ತ ನೋಡುತ್ತ ಸೇರುವುದಕ್ಕೆ ಒಂದೇ ದಿನ ಉಳಿಯಿತು.

ಅಂದು ಅಜ್ಜಿಯ ಕಥೆಯಲ್ಲಿ ಮತ್ತೆ ಮೂವರು. ಹಿರಿಯವಳು ಅರಮನೆ ಸೇರಿದಳು. ಕಿರಿಯವಳು ಹೊಳೆ ದಾಟಿ ಹೊರಟಳು. ನಾನು ಹೂಂ ಅನ್ನಲಿಲ್ಲ.

"ಯಾಕ, ಬಾಯಿಗೆ ಬೀಗ ಬಿತ್ತೇನ?" ಅಂದಳು ಅಜ್ಜಿ.

"ನಡುವಿನಾಕಿ ಏನ ಮಾಡಿದ್ಲು, ಅದನ್ನ ಹೇಳ್ರಿ."

"ಆಕಿ ಏನ ಮಾಡ್ತಾಳ? ಮನ್ಯಾಗ ಇದ್ಲು."

"ಹಂಗಾದ್ರ ನಾ ಹೂಂ ಅನ್ನೂದಿಲ್ಲ."

"ಕಥಿಗ್ಯಾಕ ಇಷ್ಟ ಸಿಟ್ಟು?" ಅಂದರು ಅಪ್ಪ.

ಅಜ್ಜಿ ನನ್ನನ್ನು ನೋಡಿದಳು, ಮಗನನ್ನು ನೋಡಿದಳು. ಆಕೆಯೇನು ದಡ್ಡಿಯಲ್ಲ. ಕಾಲು ನೀವಿಕೊಳ್ಳುತ್ತ ಶುರುಮಾಡಿದಳು: "ನಡುವಿನಾಕಿ ಅಪ್ಪನ ಮುಂದ ಬಂದ ನಿಂತ್ಲು. ನನ್ನೂ ಹೊಳಿ ದಾಟಸ್ರಿ ಅಂದ್ಲು."

ಈಗ ನಾನು ಹೂಂ ಅನ್ನಬಹುದಿತ್ತು. ಅಪ್ಪನೇ ಅನ್ನಲಿ ಎಂದು ಸುಮ್ಮನಿದ್ದೆ. ಅಪ್ಪ ನೆಲ ನೋಡುತ್ತ ಕುಳಿತರು. ಕಥೆ ಹೊಳೆಯ ಈಚೆ ದಂಡೆಯಲ್ಲೇ ನಿಂತಿತು.

ಒಳಗೆ ಪಾತ್ರೆಗಳ ಸದ್ದು ನಿಂತಿತು. ಅವ್ವ ಒದ್ದೆ ಕೈಯಲ್ಲೇ ಬಾಗಿಲಿಗೆ ಬಂದಳು. ಹತ್ತಿರದ ಹಳ್ಳಿ ಆರಗದ ತವರಿನಲ್ಲಿ ಆಕೆಯೂ ಮೂವರಲ್ಲಿ ನಡುವಿನವಳು. ನಾಲ್ಕನೆಯ ಇಯತ್ತೆಗೆ ಶಾಲೆ ಬಿಡಿಸಿ ಮನೆಯಲ್ಲಿ ಕೂರಿಸಿದ್ದರು.

"ಹೂಂ," ಅಂದಳು ಅವ್ವ. "ನೀವು ಮುಂದ ಹೇಳ್ರಿ, ಅತ್ತಿ. ನಾಳಿ ಮುಂಜಾನೆ ಇಕೀನ್ನ ಸಾಂಗ್ಲಿಗೆ ನಾ ಕರ್ಕೊಂಡ ಹೋಗ್ತೇನಿ."